ನದಿ ಇದ್ರ ನಾಗರಿಕತೆ ಅಂತಾರಲ್ಲ, ಹಂಗಾದ್ರ ತುಂಗಭದ್ರಾ ದಂಡಿಗೆ ಆಗ ಯಾಕ ಪಟ್ಟಣ ಏಳಲಿಲ್ಲ?

ಕಂಪ್ಲಿ_ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ಕೆಎಎಸ್‌ಗೆ ಓದಾಕತ್ತೀನಿ. ಇತಿಹಾಸದ ಯಾವ ನೋಟ್ಸ್ ತಗದ್ರೂ ಮೊದಲ್ನೇ ಪುಟದಾಗ ಅದ ಸಾಲು, ನದಿ ಬಯಲಿನ ಫಲವತ್ತಾದ ಮಣ್ಣು, ಹೇರಳ ನೀರು, ಆದ್ದರಿಂದ ನಾಗರಿಕತೆ ಹುಟ್ಟಿತು ಅಂತ. ನೈಲ್, ಟೈಗ್ರಿಸ್ ಯೂಫ್ರೆಟಿಸ್, ಸಿಂಧೂ, ಹಳದಿ ನದಿ, ಹೆಸರು ಬಾಯಿಪಾಠ ಮಾಡಿದ್ರ ಮುಗೀತು. ನಮ್ಮೂರು ಹೊಳಿ ದಂಡಿಗ ಐತ್ರಿ, ಸಣ್ಣಾಂವ ಇದ್ದಾಗಿಂದ ನೋಡೀನಿ, ನೀರೂ ಐತಿ ಮಣ್ಣೂ ಐತಿ ಭತ್ತ ಅಂತೂ ಎರಡು ಬೆಳಿ ಬರ್ತೈತಿ. ಮತ್ತ ಅಲ್ಲಿ ಮೊಹೆಂಜೊದಾರೊದಾಗ ಕ್ರಿ.ಪೂ. 2500ರಾಗ ಇಟ್ಟಂಗಿ ಮನಿ, ಗಟಾರ, ಸ್ನಾನದ ಕೊಳ ಎಲ್ಲಾ ಕಟ್ಟಾಕತ್ತಿದ್ರು, ನಮ್ಮ ಕಡೆ ಬೂದಿಹಾಳ, ಕೊಡೇಕಲ್, ಕುಡತಿನಿ ಅಂತ ದನ ಕಾಯೋ ಮಂದಿ ಸೆಗಣಿ ಸುಟ್ಟು ಬೂದಿ ದಿಬ್ಬ ಒಟ್ಟಿದ್ರು ಅಷ್ಟ. ಮಂದೀನೂ ಇದ್ರು ಹೊಳೀನೂ ಇತ್ತು ಅಂದಮ್ಯಾಲ ಪಟ್ಟಣ ಯಾಕ ಆಗಲಿಲ್ಲ? ಕೋಚಿಂಗ್‌ನಾಗ ಕೇಳಿದ್ರ ಸರ್ ಇದು ಸಿಲಬಸ್‌ನಾಗ ಇಲ್ಲಪಾ ಮುಂದ ನಡಿ ಅಂದ್ರು. ಗೊತ್ತಿದ್ದವ್ರು ಹೇಳ್ರಿ.

ಮಳೆಬಿಲ್ಲು88:

ಹಂಪಿ ಕಟ್ಟಿದ್ರಲ್ಲ ಗುರು, ಬರೀ 3800 ವರ್ಷ ಲೇಟು

ನೀರ್ಗಂಟಿ:

ನಿಮ್ ಸರ್ ಹೇಳ್ದಂಗೆ ಮುಂದೆ ನಡೀಬೇಡ ಕಣಪ್ಪ, ಇಲ್ಲೇ ಸ್ವಲ್ಪ ಕೂತ್ಕೊ. ನಾನು ಕಾಲುವೆ ಹಿಂದೆ ಮೂವತ್ತು ವರ್ಷ ಸುತ್ತಿದ ಇಂಜಿನಿಯರ್ರು, ಇತಿಹಾಸ ಓದೋಕೆ ಶುರು ಮಾಡಿದ್ದು ರಿಟೈರ್ ಆದ್ಮೇಲೆ, ತಪ್ಪಿದ್ರೆ ತಿಳ್ದೋರು ತಿದ್ದಿ. ನಮ್ ಕೆಲಸದಲ್ಲಿ ನೀರು ಎಷ್ಟಿದೆ ಅನ್ನೋದು ಎರಡನೇ ಪ್ರಶ್ನೆ. ಯಾವ ತಿಂಗಳು ಬರುತ್ತೆ, ಹೊಳೆ ಮೇಲಿದ್ಯಾ ಹೊಲ ಮೇಲಿದ್ಯಾ, ಬಂದಿದ್ದು ಎಲ್ಲಿಗೆ ಬಸಿದು ಹೋಗುತ್ತೆ, ಇವಷ್ಟು ಗೊತ್ತಾದ್ರೆ ಅರ್ಧ ಊರಿನ ಕಥೆ ಗೊತ್ತಾದಂಗೆ.

ನೈಲ್ ತಗೋ. ಕೈರೋದಲ್ಲಿ ವರ್ಷಕ್ಕೆ ಬೀಳೋ ಮಳೆ 25 ಮಿಲಿಮೀಟರ್ ಆಸುಪಾಸು, ನಮ್ಮಲ್ಲಿ ಒಂದು ಸಂಜೆ ಗುಡುಗಿದ್ರೆ ಅಷ್ಟು ಬೀಳುತ್ತೆ. ಅವ್ರ ಮಳೆ ಎಲ್ಲಾ ಬೀಳೋದು ಇಥಿಯೋಪಿಯಾ ಬೆಟ್ಟದಲ್ಲಿ, ಜೂನ್‌ನಿಂದ ಸೆಪ್ಟೆಂಬರ್, ನಮ್ಗೆ ಮುಂಗಾರು ಇರೋ ಹೊತ್ತಲ್ಲೇ. ಆ ನೀರು ನೀಲಿ ನೈಲ್ ಹಿಡ್ಕೊಂಡು ಗೋಡು ಹೊತ್ಕೊಂಡು ಇಳಿದು ಆಗಸ್ಟ್ ಸೆಪ್ಟೆಂಬರಲ್ಲಿ ಈಜಿಪ್ಟಿನ ಹೊಲಾನೆಲ್ಲ ಮುಳುಗಿಸ್ತಿತ್ತು, ಅಕ್ಟೋಬರಲ್ಲಿ ತಾನಾಗೇ ಇಳೀತಿತ್ತು, ಆ ಕೆಸರಲ್ಲಿ ಬೀಜ ಚೆಲ್ಲಿದ್ರೆ ಚಳಿಗಾಲ ಪೂರ್ತಿ ಅದೇ ತೇವದಲ್ಲಿ ಬೆಳೆದು ಮಾರ್ಚ್ ಏಪ್ರಿಲ್‌ಗೆ ಕೊಯ್ಲು. ನಿಮ್ ಎರೆ ಹೊಲದಲ್ಲಿ ಹಿಂಗಾರಿ ಜೋಳ ಹಿಡಿದ ತೇವದಲ್ಲೇ ಬರುತ್ತಲ್ಲ, ಲೆಕ್ಕ ಅದೇ, ಅಲ್ಲಿ ಮಳೆ ಬದ್ಲು ಹೊಳೆ. ವರ್ಷಾನೇ ಅವ್ರು ಮೂರು ಭಾಗ ಮಾಡಿದ್ರು, ಅಖೆತ್ ಅಂದ್ರೆ ನೆರೆ, ಪೆರೆತ್ ಅಂದ್ರೆ ಬೆಳೆ, ಶೆಮು ಅಂದ್ರೆ ಸುಗ್ಗಿ, ಒಂದೊಂದೂ ನಾಲ್ಕು ತಿಂಗಳು. ನೆರೆ ಎಷ್ಟು ಏರ್ತು ಅಂತ ಕಲ್ಲಲ್ಲಿ ಗೀಟು ಹಾಕಿ ಅಳೆದು ಕಂದಾಯ ಅದ್ರ ಮೇಲೇ ಹಾಕೋರು. ಪ್ಲಿನಿ ಅನ್ನೋ ರೋಮನ್ ಬರೆದಿಟ್ಟಿದಾನೆ, 12 ಮೊಳ ಏರಿದ್ರೆ ಉಪವಾಸ, 13ಕ್ಕೂ ಹಸಿವೇ, 14ಕ್ಕೆ ನಗು, 15ಕ್ಕೆ ನಿಶ್ಚಿಂತೆ, 16ಕ್ಕೆ ಹಬ್ಬ. ಈ ಕಥೆ 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿಯೋವರೆಗೂ ನಡೀತು ಅನ್ನು.

ಇನ್ನೊಂದ್ ಮಜಾ ನೋಡು, ನೈಲ್ ಹರಿಯೋದು ಉತ್ತರಕ್ಕೆ, ಗಾಳಿ ಬೀಸೋದು ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ. ಹೋಗೋವಾಗ ತೇಲ್ಕೊಂಡು ಹೋಗು, ಬರೋವಾಗ ಹಾಯಿ ಬಿಚ್ಚು. ಡೀಸೆಲ್ ಇಲ್ಲ ಡ್ರೈವರ್ ಇಲ್ಲ. ಅಸ್ವಾನ್ ಹತ್ರ ಬಂಡೆಗಲ್ಲು ಅಡ್ಡ ಸಿಗೋವರೆಗೆ ಒಂದೇ ಸಲೀಸಾದ ರೋಡು ಇದ್ದಂಗೆ. ಕ್ರಿ.ಪೂ. 3100ರ ಹೊತ್ತಿಗೇ ಇಡೀ ಉದ್ದಕ್ಕೂ ಒಬ್ಬ ರಾಜ ಅಂತ ಆಗಿದ್ದು ಸುಮ್ನೆ ಅಲ್ಲ.

ಈಗ ಇರಾಕಿನ ಟೈಗ್ರಿಸ್ ಯೂಫ್ರೆಟಿಸ್‌ಗೆ ಬಾ. ಅದು ಟರ್ಕಿ ಬೆಟ್ಟದ ಹಿಮ ಕರಗಿ ಬರೋ ನೀರು, ಬರೋದು ಏಪ್ರಿಲ್ ಮೇ. ಅವ್ರ ಬಾರ್ಲಿ ಕೊಯ್ಲಿಗೆ ಬಂದು ನಿಂತಿರೋದೂ ಏಪ್ರಿಲ್ ಮೇ. ಬಿತ್ತೋವಾಗ ನೀರಿಲ್ಲ, ಕೊಯ್ಯೋವಾಗ ಪ್ರವಾಹ, ಇಂಥಾ ಹೊಳೆ ಕಟ್ಕೊಂಡು ಯಾರು ಸಂಸಾರ ಮಾಡ್ತಾರೆ ಹೇಳು. ಅದ್ಕೇ ಏರಿ ಕಟ್ಟು, ಕಾಲುವೆ ತೆಗಿ, ಹೂಳೆತ್ತು, ಇಂಥೋನ್ ಪಾಳಿ ಇಷ್ಟು ಹೊತ್ತು ಅಂತ ಬರೆದಿಡು. ನಮ್ ಊರಲ್ಲಿ ನೀರಗಂಟಿ ಬಾಯಲ್ಲೇ ಮಾಡ್ತಿದ್ದಿದ್ದನ್ನ ಅಲ್ಲಿ ಜೇಡಿಮಣ್ಣಿನ ಹಲಗೆ ಮೇಲೆ ಬರೀಬೇಕಾಯ್ತು. ಅಲ್ಲಿನ ಬ್ಯಾಬಿಲೋನಿನ ರಾಜ ಹಮ್ಮುರಾಬಿ ಕಾನೂನಲ್ಲಿ 53ನೇದು ಓದು, ಯಾರಾದ್ರೂ ಸೋಮಾರಿತನದಿಂದ ತನ್ನ ಏರಿ ಭದ್ರ ಮಾಡ್ದೆ ಒಡೆದು ಊರ ಹೊಲ ಮುಳುಗಿದ್ರೆ ಹಾಳಾದ ಧಾನ್ಯ ಅವ್ನೇ ತುಂಬ್ಕೊಡ್ಬೇಕು, ಅದ್ರ ಮುಂದಿಂದ್ರಲ್ಲಿ ಆಗ್ದೇ ಇದ್ರೆ ಅವನನ್ನೂ ಅವನ ಆಸ್ತೀನೂ ಮಾರಿ ಹಂಚ್ಕೊಳ್ಳಿ ಅಂತ. ಅದಕ್ಕೂ ಏಳುನೂರು ವರ್ಷ ಮುಂಚೆ ಉಮ್ಮ, ಲಗಾಶ್ ಅಂತ ಅಕ್ಕಪಕ್ಕದ ಎರಡು ಊರು ಗಡಿ ಹೊಲ ಮತ್ತೆ ಕಾಲುವೆ ನೀರಿಗೆ ತಲೆಮಾರುಗಟ್ಲೆ ಬಡಿದಾಡಿವೆ, ಮೇಲಿನೂರವ್ರು ಕಾಲುವೆ ಒಡೆದು ನೀರು ತಿರುಗಿಸ್ಕೊಂಡ್ರು ಅಂತ ಕೆಳಗಿನೂರವ್ರು ಬರೆಸಿಟ್ಟಿದಾರೆ. ಮಂಡ್ಯದವನು ನಾನು, ಓದೋವಾಗ ಪೇಪರ್ ಓದಿದಂಗೇ ಇತ್ತು.

ನಿನ್ ತುಂಗಭದ್ರೆಗೆ ಬಂದ್ರೆ, ಅವಳು ಬಂಡೆ ಕೊರ್ಕೊಂಡು ಕೆಳಗೆ ಹೋಗ್ತಾಳೆ, ಹೊಲ ಮೇಲೆ ಇರುತ್ತೆ. ಘಟ್ಟದಲ್ಲಿ ಮಳೆ ಆದ್ರೆ ಜುಲೈ ಆಗಸ್ಟಲ್ಲಿ ಕೆಂಪಗೆ ತುಂಬಿ ಬರ್ತಾಳೆ, ಆದ್ರೆ ದಡ ಮೀರಿ ಮಣ್ಣು ಹರಡೋಕೆ ನೈಲ್ ಥರ ಸಪಾಟು ಬಯಲೇ ಇಲ್ಲ, ಬೇಸಿಗೇಲಿ ನೋಡಿದ್ರೆ ಬರೀ ಗುಂಡುಕಲ್ಲು. ಆ ನೀರು ಹೊಲಕ್ಕೆ ಹತ್ಬೇಕು ಅಂದ್ರೆ ಮೈಲಿಗಟ್ಲೆ ಮೇಲಕ್ಕೆ ಹೋಗಿ ಅಡ್ಡ ಅಣೆ ಕಟ್ಟಿ, ಬಂಡೆ ಬಳಸ್ಕೊಂಡು ಅಳತೆ ತಪ್ಪದಂಗೆ ಇಳಿಜಾರು ಕೊಟ್ಟು ಕಾಲುವೆ ತರ್ಬೇಕು. ಕಲ್ಲುಕೊಡಲಿ ಕಾಲದೋರು ಅದನ್ನ ಹೆಂಗೆ ಮಾಡ್ತಾರೆ? ನೀನು ನೋಡಿರೋ ಭತ್ತ ಹೊಳೇದಲ್ಲಪ್ಪ, ವಿಜಯನಗರದೋರ ಕಾಲುವೇದು ಮತ್ತೆ 1953ರ ಡ್ಯಾಮಿಂದು. ನಿಮ್ಮೂರ ಹೆಸರಲ್ಲೇ ಒಂದು ವಿಜಯನಗರ ಕಾಲುವೆ ಇದ್ಯಲ್ಲ, ಗೊತ್ತಿಲ್ವಾ?

ಕಂಪ್ಲಿ_ಹುಡುಗ:

ಕಾಲುವಿ ಗೊತ್ತೈತ್ರಿ ಸರ್, ಅದರಾಗ ಈಜಿ ಬೈಸ್ಕೊಂಡೀನಿ. ಅದು ಅಷ್ಟು ಹಳೇದು ಅಂತ ತಲಿಗೇ ಬಂದಿದ್ದಿಲ್ಲ.

ಕೆಂಡಸಂಪಿಗೆ:

ನೀರ್ಗಂಟಿ ಸರ್ ಹೇಳಿದ್ದು ಸರಿ, ಆದ್ರೆ ಅರ್ಧ ಅಂತ ನಂಗನ್ಸುತ್ತೆ, ಕ್ಷಮಿಸಿ ಸರ್. ನೀರು ತರೋದು ಕಷ್ಟ ಇತ್ತು ಅನ್ನೋದಕ್ಕಿಂತ ತರೋ ಗರಜೇ ಇರ್ಲಿಲ್ಲ ಅವ್ರಿಗೆ.

ಪುರಾತತ್ವ ಓದೋವಾಗ ಆ ಕಡೆ ಫೀಲ್ಡ್‌ಗೆ ಕರ್ಕೊಂಡ್ ಹೋಗಿದ್ರು, ಆಗ ಮೊದಲು ಕಣ್ಣಿಗೆ ಬಿದ್ದಿದ್ದೇ ಇದು, ಸಂಗನಕಲ್ಲು, ತೆಕ್ಕಲಕೋಟೆ ಇಂಥ ಊರುಗಳು ಹೊಳೆ ದಂಡೆಗೆ ಅಂಟ್ಕೊಂಡಿಲ್ಲ, ಕಲ್ಲುಗುಡ್ಡದ ಮೇಲೆ, ಬುಡದಲ್ಲಿ ಇವೆ. ಬಳ್ಳಾರಿ ಸೀಮೆ ಒಣಭೂಮಿ ಅಂತೀವಿ, ಆದ್ರೂ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಇದೆ. ಅಷ್ಟರಲ್ಲಿ ಕೊರಲೆ, ಹುರುಳಿ, ಹೆಸರು ಆರಾಮಾಗಿ ಬರುತ್ತೆ, ಅಲ್ಲಿ ಅಗೆದಾಗ ಸಿಕ್ಕಿರೋ ಸುಟ್ಟ ಕಾಳುಗಳೂ ಇವೇ. ಜೊತೆಗೆ ದನ. ಒಂದು ಕಡೆ ಮೇವು ಮುಗೀತಾ, ಮುಂದಿನ ಗುಡ್ಡ. ಯಾರೋ ಒಬ್ಬ ಬಂದು ನಾನೇ ದೊರೆ, ಅರ್ಧ ಫಸಲು ಕಣಜಕ್ಕೆ ತಂದು ಸುರಿ ಅಂದ್ರೆ ಇವ್ರು ರಾತ್ರೋರಾತ್ರಿ ದನ ಹೊಡ್ಕೊಂಡು ಹೊರಟೇಬಿಡ್ತಾರೆ ಅಲ್ವಾ.

ಈಜಿಪ್ಟಿನವ್ನು ಎಲ್ಲಿಗೆ ಹೋಗ್ತಾನೆ? ಹೊಳೆಯಿಂದ ಎರಡೂ ಕಡೆ ಸ್ವಲ್ಪ ನಡೆದ್ರೆ ಮರಳುಗಾಡು. ಹಳೇ ಈಜಿಪ್ಟಿನವ್ರೇ ಕಪ್ಪು ನೆಲ, ಕೆಂಪು ನೆಲ ಅಂತ ಎರಡೇ ಹೆಸರು ಇಟ್ಟಿದ್ರು, ಕಪ್ಪು ನಾವಿರೋದು, ಕೆಂಪು ಸಾಯೋದು. ದಕ್ಷಿಣ ಇರಾಕಲ್ಲೂ ಮಳೆ ನಂಬಿ ಒಂದು ಕಾಳೂ ಬೆಳೆಯಕ್ಕಾಗಲ್ಲ. 1970ರಲ್ಲಿ ರಾಬರ್ಟ್ ಕಾರ್ನೇರೋ ಅನ್ನೋ ಮಾನವಶಾಸ್ತ್ರಜ್ಞ ಇದನ್ನೇ ವಾದ ಮಾಡಿದ, ರಾಜ್ಯ ಹುಟ್ಟೋದು ಒಳ್ಳೇ ನೆಲದ ಸುತ್ತ ಕೆಟ್ಟ ನೆಲ ಬೇಲಿ ಥರ ಇದ್ದಲ್ಲಿ, ಯುದ್ಧದಲ್ಲಿ ಸೋತವ್ನಿಗೆ ಓಡೋಕೆ ಜಾಗ ಇಲ್ದೆ ತಲೆ ಬಗ್ಗಿಸ್ಬೇಕಾದಲ್ಲಿ ಅಂತ. ಅದಕ್ಕೆ ನಂಗೆ ಈ 'ನದಿಯ ವರದಾನ' ಅನ್ನೋ ಮಾತು ಪಾಠದಲ್ಲಿ ಬಂದಾಗೆಲ್ಲ ಒಂಥರಾ ಆಗುತ್ತೆ, ವರ ಹೌದು, ಜೊತೆಗೆ ದೊಡ್ಡಿ ಕೂಡ.

ಅಂದ ಹಾಗೆ ಈಜಿಪ್ಟಿನವ್ರ ಮುಖ್ಯ ಗೋಧಿ ಯಾವ್ದು ಗೊತ್ತಾ, ನಮ್ಮ ಬೆಳಗಾವಿ ಬಾಗಲಕೋಟೆ ಕಡೆ ಸದಕ ಅಂತಾರಲ್ಲ, ಖಪ್ಲಿ, ಅದೇ ಜಾತಿ. ಮಾದಲಿ ಮಾಡೋವಾಗ ಫೇರೋನ ನೆನೆಸ್ಕೊಳ್ಳಿ.

ರಾಯರ_ಕುದುರೆ:

ಮೇಡಂ ಹಾಗಾದ್ರೆ ಸಿಂಧೂ ಕಡೆ? ಅಲ್ಲಿ ಪಂಜಾಬಿಂದ ಗುಜರಾತ್ ತನಕ ಓಡೋಕೆ ಬೇಕಾದಷ್ಟು ಜಾಗ ಇತ್ತಲ್ಲ, ಆದ್ರೂ ಪಟ್ಟಣ ಆಯ್ತು. ನಿಮ್ಮ ಬೇಲಿ ಥಿಯರಿ ಅಲ್ಲಿ ಮುರಿದು ಬೀಳುತ್ತೆ. ಮತ್ತೆ ಮಧ್ಯ ಅಮೆರಿಕದ ಮಾಯಾ ಜನರ ಹಳೇ ಪಟ್ಟಣ ಟಿಕಾಲ್‌ನಲ್ಲಿ ದೊಡ್ಡ ನದಿಯೇ ಇಲ್ಲ, ಮಳೆ ನೀರನ್ನ ಕೆರೆ ಮಾಡಿ ಹಿಡ್ಕೊಂಡೇ ಅಷ್ಟು ದೊಡ್ಡ ಊರು ನಡೆಸಿದ್ರು. ಮತ್ತೆ ಸರಸ್ವತಿ ಬತ್ತಿದ್ದಕ್ಕೇ ಹರಪ್ಪ ನಾಶ ಆಗಿದ್ದು ಅಂತ ನಾವು ಕೇಳಿರೋದು, ಅದರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ.

ಕೆಂಡಸಂಪಿಗೆ:

ಮುರಿಯುತ್ತೆ, ಒಪ್ಕೋತೀನಿ, ಅದಕ್ಕೇ ಹರಪ್ಪ ನಂಗೆ ಇಷ್ಟ. ಅಷ್ಟು ದೊಡ್ಡ ಪಟ್ಟಣಗಳಲ್ಲಿ ಇದು ಅರಮನೆ, ಇದು ರಾಜನ ಸಮಾಧಿ ಅಂತ ಬೆರಳು ಮಾಡಿ ತೋರಿಸೋ ಥರದ್ದು ಇವತ್ತಿಗೂ ಸಿಕ್ಕಿಲ್ಲ. ಓಡೋಕೆ ಜಾಗ ಇದ್ದ ಕಡೆ ರಾಜ ಜಾಸ್ತಿ ಗತ್ತು ತೋರಿಸಕ್ಕಾಗ್ಲಿಲ್ವೇನೋ, ಇದು ನನ್ನ ಊಹೆ ಅಷ್ಟೇ, ಪರೀಕ್ಷೇಲಿ ಬರೀಬೇಡಿ.

ಬತ್ತಿ ಹೋದ ನದಿ ವಿಷ್ಯ. ಸರಸ್ವತಿ ಇದೇ ಅಂತ ಹಲವ್ರು ಹೇಳೋ ಘಗ್ಗರ್ ಹಕ್ರಾ ಪಾತ್ರದ ಉದ್ದಕ್ಕೂ ಕಾಲಿಬಂಗನ್ ಥರ ತುಂಬ ಊರುಗಳಿವೆ. ಅದರ ಮರಳು ತೆಗೆದು ಕಾಲ ಅಳೆದು ನೋಡಿ 2017ರಲ್ಲಿ ಪ್ರಕಟ ಮಾಡಿದ ಸಂಶೋಧನೆ ಪ್ರಕಾರ ಸಟ್ಲೆಜ್ ಆ ಪಾತ್ರ ಬಿಟ್ಟು ಹೋಗಿದ್ದು ಸುಮಾರು 8000 ವರ್ಷದ ಹಿಂದೆ, ಅಂದ್ರೆ ಹರಪ್ಪ ಪಟ್ಟಣ ಏಳೋಕೆ ಮೂರು ಸಾವಿರ ವರ್ಷಕ್ಕೂ ಮುಂಚೆ. ಅವ್ರು ಬಂದು ಮನೆ ಕಟ್ಟಿದ್ದು ದೊಡ್ಡ ಹೊಳೆ ಖಾಲಿ ಮಾಡಿ ಹೋದ ಅಗಲವಾದ ಕಣಿವೇಲಿ, ಅಲ್ಲಿ ಮಳೆಗಾಲದ ಸಣ್ಣ ಹರಿವು ಇತ್ತು, ತೇವದ ಮಣ್ಣು ಇತ್ತು, ಹಿಮಾಲಯದ ಮಹಾಪೂರ ಮಾತ್ರ ಇರ್ಲಿಲ್ಲ. ಸಿಂಧೂ ಪಕ್ಕದಲ್ಲಿದ್ದವ್ರಿಗೆ ಊರು ಕೊಚ್ಚಿಹೋಗೋ ಭಯ, ಮೊಹೆಂಜೊದಾರೊದಲ್ಲಿ ಇಟ್ಟಿಗೆ ದಿಬ್ಬದ ಮೇಲೆ ದಿಬ್ಬ ಏರಿಸಿದ್ದು ನೋಡಿದ್ರೆ ಗೊತ್ತಾಗುತ್ತೆ. ಇವ್ರಿಗೆ ಆ ತಲೆನೋವಿಲ್ಲ. ಅಂದ್ರೆ ನದಿ ಹೋದದ್ದೇ ಒಳ್ಳೇದಾಯ್ತು! ಕಚ್ಛದ ಧೋಲಾವೀರಾದಲ್ಲಂತೂ ಮನ್ಸರ್, ಮನ್ಹರ್ ಅಂತ ಎರಡು ಮಳೆಗಾಲದ ಹಳ್ಳ ಅಷ್ಟೇ, ಅದಕ್ಕೆ ಒಡ್ಡು ಹಾಕಿ ಊರ ಸುತ್ತ ಕಲ್ಲಿನ ಕೆರೆ ಸಾಲು ಮಾಡಿದ್ರು. ನಿಮ್ಮ ಟಿಕಾಲ್ ಇಲ್ಲೇ ಇದೆ ನೋಡಿ.

ಕೊನೆಗೆ ಕೈಕೊಟ್ಟಿದ್ದು ಮಳೆ. ಕ್ರಿ.ಪೂ. 2200ರ ಸುಮಾರಿಗೆ ಮುಂಗಾರು ಕ್ಷೀಣ ಆಗಿದ್ದಕ್ಕೆ ಗುರುತು ಬೇರೆ ಬೇರೆ ಕಡೆ ಸಿಕ್ಕಿದೆ, ಮೇಘಾಲಯದ ಮಾಮ್ಲುಹ್ ಗುಹೆಯ ಸುಣ್ಣದ ಕಲ್ಲಿನಲ್ಲೂ ಇದೆ, 2018ರಲ್ಲಿ ಅಲ್ಲಿಂದ ಇವತ್ತಿನವರೆಗಿನ ಕಾಲಘಟ್ಟಕ್ಕೆ ಮೇಘಾಲಯನ್ ಅಂತಲೇ ಹೆಸರಿಟ್ರು. ಈಜಿಪ್ಟಿನ ಹಳೇ ರಾಜ್ಯ ಕುಸಿದಿದ್ದೂ ಹೆಚ್ಚೂ ಕಡಿಮೆ ಆಗಲೇ. ಆದ್ರೆ ಹರಪ್ಪದವ್ರು 'ನಾಶ' ಆಗ್ಲಿಲ್ಲ, ಕ್ರಿ.ಪೂ. 1900ರ ನಂತರ ಪಟ್ಟಣ ಬಿಟ್ಟು ಪೂರ್ವಕ್ಕೆ, ಗುಜರಾತ್ ಕಡೆಗೆ ಸಣ್ಣ ಸಣ್ಣ ಹಳ್ಳಿಗಳಾಗಿ ಹರಡಿದ್ರು. ಓಡೋಕೆ ಜಾಗ ಇತ್ತು ಅಂದ್ರಲ್ಲ, ಓಡಿದ್ರು.

ಬಸ್ರಾ_ರಿಟರ್ನ್:

ತಡವಾಗಿ ಬಂದೆ ಮಾರಾಯ್ರೆ, ಆದ್ರೆ ಇದಕ್ಕೆ ಬರೀದೆ ಇರ್ಲಿಕ್ಕೆ ಆಗ್ಲಿಲ್ಲ. ನಾನು ದಕ್ಷಿಣ ಇರಾಕಿನಲ್ಲಿ ಎಣ್ಣೆ ಬಾವಿ ಕೆಲಸದಲ್ಲಿ ಮೂರು ವರ್ಷ ಇದ್ದವ. ಒಮ್ಮೆ ರಜೆಯಲ್ಲಿ ನಾಸಿರಿಯಾ ಹತ್ರ ಇರುವ ಉರ್ ಅನ್ನುವ ಹಳೇ ಪಟ್ಟಣದ ಜಿಗುರಾತ್, ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗುಡಿ ದಿಬ್ಬ, ನೋಡ್ಲಿಕ್ಕೆ ಹೋಗಿದ್ದೆ. ಯೂಫ್ರೆಟಿಸ್ ದಡದ ಬಂದರು ಊರು ಅಂತ ಓದಿದ್ದು, ಅಲ್ಲಿ ನಿಂತು ನೋಡಿದ್ರೆ ಹೊಳೆ ಎಲ್ಲಿ? ಇಲ್ಲವೇ ಇಲ್ಲ, ಹದಿನೈದು ಹದಿನಾರು ಕಿಲೋಮೀಟರ್ ಆಚೆ ಸರಿದು ಹೋಗಿದೆ. ಡ್ರೈವರ್ ಹೇಳಿದ, ಹೊಳೆಗೆ ಬೇಜಾರಾಗಿದೆ ಹೋಯ್ತು ಅಂತ. ನೆಲ ಅಷ್ಟು ಸಪಾಟು, ಬಾಗ್ದಾದ್ ಸಮುದ್ರದಿಂದ 500 ಕಿಲೋಮೀಟರಿಗೂ ಜಾಸ್ತಿ ದೂರ, ಆದ್ರೆ ಎತ್ತರ 35 ಮೀಟರ್ ಆಸುಪಾಸು ಮಾತ್ರ. ನೀರು ನಿಧಾನ ಆದ ಹಾಗೆ ಹೂಳು ತಳದಲ್ಲೇ ಕೂತು ಹೊಳೆ ಹೊಲಕ್ಕಿಂತ ಮೇಲೆ ಏರ್ತದೆ, ಒಂದು ದಿನ ಏರಿ ಒಡೆದು ಬೇರೆ ದಾರಿ ಹಿಡೀತದೆ. ಊರು ಅಲ್ಲೇ ಒಣಗ್ತದೆ.

ಆದ್ರೆ ನಾನು ಹೇಳ್ಲಿಕ್ಕೆ ಹೊರಟದ್ದು ಉಪ್ಪಿನ ಬಗ್ಗೆ. ದಾರಿಯುದ್ದಕ್ಕೂ ನೆಲ ಬೆಳ್ಳಗೆ, ಮೊದಲ ಸಲ ನೋಡಿದಾಗ ನಮ್ಮ ಕುಮಟಾ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೆನಪಾಯ್ತು, ಆದ್ರೆ ಅದು ಯಾರೂ ಉಪ್ಪು ಮಾಡಿದ್ದಲ್ಲ, ಹಿಂದೆ ಬೇಸಾಯ ಮಾಡಿದ ಗದ್ದೆ. ಹೊಳೆ ನೀರಿನಲ್ಲಿ ಸ್ವಲ್ಪ ಉಪ್ಪು ಯಾವಾಗಲೂ ಉಂಟು. ಸಪಾಟು ನೆಲಕ್ಕೆ ನೀರು ಬಿಡ್ತಾ ಹೋದ್ರೆ ಬಸಿಯುವುದಿಲ್ಲ, ಅಂತರ್ಜಲ ಮೇಲೆ ಬರ್ತದೆ, ಬಿಸಿಲಿಗೆ ನೀರು ಆರ್ತದೆ, ಉಪ್ಪು ಉಳೀತದೆ. 1958ರಲ್ಲಿ ಯಾಕೋಬ್ಸನ್ ಮತ್ತು ಆಡಮ್ಸ್ ಅಂತ ಇಬ್ಬರು ಹಳೇ ಹಲಗೆಗಳ ಲೆಕ್ಕ ತೆಗೆದು ತೋರಿಸಿದ್ರು, ಕ್ರಿ.ಪೂ. 3500ರ ಹೊತ್ತಿಗೆ ಗೋಧಿ ಬಾರ್ಲಿ ಸಮ ಸಮ ಇತ್ತು, ಸಾವಿರ ವರ್ಷದಲ್ಲಿ ಗೋಧಿ ಆರರಲ್ಲಿ ಒಂದು ಪಾಲಿಗೆ ಇಳೀತು, ಕ್ರಿ.ಪೂ. 1700ಕ್ಕೆ ಗೋಧಿಯೇ ಇಲ್ಲ, ಯಾಕಂದ್ರೆ ಬಾರ್ಲಿ ಉಪ್ಪು ತಡೀತದೆ, ಗೋಧಿ ತಡೆಯುವುದಿಲ್ಲ. ಬಾರ್ಲಿ ಇಳುವರಿ ಕೂಡ ಹೆಕ್ಟೇರಿಗೆ 2500 ಲೀಟರಿನಿಂದ 900ಕ್ಕೆ ಬಂತಂತೆ. ಈ ಲೆಕ್ಕದ ಬಗ್ಗೆ ವಿದ್ವಾಂಸರಲ್ಲಿ ಆಮೇಲೆ ತಕರಾರು ಬಂದದ್ದೂ ಉಂಟು, ಎಲ್ಲಾ ಉಪ್ಪಿನದ್ದೇ ತಪ್ಪಲ್ಲ, ಯುದ್ಧ ಉಂಟು ಆಡಳಿತ ಉಂಟು ಅಂತ. ಇರ್ಲಿ, ಆ ಬಿಳಿ ನೆಲ ನೋಡಿದ ನಂಗೆ ಉಪ್ಪು ಅಂತ್ಲೇ ಅನ್ನಿಸ್ತು.

ನೀರ್ಗಂಟಿ:

ಬಸ್ರಾದವ್ರು ಹೇಳಿದ್ದು ನೂರಕ್ಕೆ ನೂರು. ನೈಲ್ ಯಾಕೆ ಹಂಗಾಗ್ಲಿಲ್ಲ ಅಂದ್ರೆ ವರ್ಷಕ್ಕೊಂದ್ಸಲ ನೆರೆ ಬಂದು ಹೊಲಾನೇ ತೊಳೆದು, ಇಳಿಯೋವಾಗ ಉಪ್ಪನ್ನೂ ಹೊತ್ಕೊಂಡು ಹೋಗ್ತಿತ್ತು, ಬೇಸಿಗೇಲಿ ಹೊಳೆ ಕೆಳಗಿಳಿದಾಗ ನೆಲದ ನೀರೂ ಕೆಳಗೆ. ಒಂದು ಹೊಳೆ ತೊಳೀತು, ಇನ್ನೊಂದು ಹೊಳೆ ಕೂರಿಸ್ತು. ಡ್ಯಾಮ್ ಆದ್ಮೇಲೆ ಈಜಿಪ್ಟಿಗೂ ಉಪ್ಪಿನ ಕಾಟ ಶುರು ಆಗಿದೆ.

ಕಂಪ್ಲಿ_ಹುಡುಗ, ಇದು ನಿಂಗೆ ದೂರದ ಕಥೆ ಅಲ್ಲ ಗೊತ್ತಲ್ಲ? ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಹೋಗಿ ತಗ್ಗಿನ ಎರೆ ಹೊಲ ನೋಡು.

ಕಂಪ್ಲಿ_ಹುಡುಗ:

ಸರ್ ನಮ್ಮ ಹೊಲದಾಗ ಐತ್ರಿ ಅದು. ನಿಮ್ಮ ಪೋಸ್ಟ್ ಅಪ್ಪಗ ಓದಿ ಹೇಳಿದೆ, ಆತ ನಕ್ಕು ಇದಕ್ಕ ಇರಾಕಿಗ್ಯಾಕ ಹೋಗ್ಬೇಕು ಅಂದ. ನಮ್ಮ ತಗ್ಗಿನ ಹೊಲ ಎರಡು ಎಕರೆ ಸವಳು ಬಂದೈತಿ, ಬೇಸಿಗ್ಯಾಗ ಸುಣ್ಣ ಉಗ್ಗಿದಂಗ ಕಾಣ್ತೈತಿ, ಭತ್ತ ನಾಟಿ ಮಾಡಿದ್ರ ತುದಿ ಸುಟ್ಟಂಗಾಗಿ ಕುಂದ್ರತೈತಿ. ನಮ್ಮ ತಾತನ ಕಾಲಕ್ಕ ಅದ ಹೊಲದಾಗ ಜೋಳ, ಹತ್ತಿ ಬರ್ತಿತ್ತಂತ, ಕಾಲುವಿ ನೀರು ಬಂದಮ್ಯಾಲ ಎಲ್ಲಾರೂ ಭತ್ತಕ್ಕ ಬಿದ್ರು, ಮ್ಯಾಲಿನ ಹೊಲದವ್ರು ನೀರು ಬಿಟ್ಟಿದ್ದು ನಮ್ಮ ಹೊಲಕ್ಕ ಬಂದು ನಿಂದ್ರತೈತಿ.

ಒಟ್ಟು ನನ್ನ ಪ್ರಶ್ನೆಗೆ ಉತ್ತರ ಸಿಕ್ತ್ರಿ, ಆಗ ಹೊಳಿ ಕೆಳಗಿತ್ತು, ಮ್ಯಾಲ ಮಳಿ ಇತ್ತು, ದನ ಹೊಡ್ಕೊಂಡು ಹೋಗಾಕ ಗುಡ್ಡ ಇತ್ತು, ಪಟ್ಟಣ ಕಟ್ಟೋ ಫಜೀತಿ ಬೇಕಾಗಿದ್ದಿಲ್ಲ. ಕೆಂಡಸಂಪಿಗೆ ಮೇಡಂ, ದೊಡ್ಡಿ ಅಂತ ಬರದಿರಲ್ಲ ಅದನ್ನ ನೋಟ್ಸ್‌ನಾಗ ಹಾಕ್ಕೊಂಡೀನಿ, ಮಾರ್ಕ್ಸ್ ಕೊಟ್ರ ಕೊಡ್ಲಿ. ನೀರ್ಗಂಟಿ ಸರ್, ನಮ್ಮ ಅಪ್ಪ ಕೇಳಾಕತ್ತಾನ, ಆ ಎರಡು ಎಕರೆಗೆ ಬಾರ್ಲಿ ಹಾಕಿದ್ರ ಬರ್ತೈತೇನು ಅಂತ.

ನೀರ್ಗಂಟಿ:

ಬಾರ್ಲಿ ಬೇಡ, ಅದನ್ನ ತಗೊಳ್ಳೋನು ಯಾರು ಅಲ್ಲಿ. ಮೊದ್ಲು ಹೊಲದ ತಗ್ಗಿನ ಮೂಲೇಲಿ ಬಸಿಗಾಲುವೆ ಇದ್ಯಾ ನೋಡು, ಇದ್ರೆ ಹೂಳು, ಆಪು ತುಂಬಿ ಮುಚ್ಚೋಗಿರುತ್ತೆ, ಅದು ಹಳ್ಳಕ್ಕೆ ಸೇರೋ ತನಕ ಪಕ್ಕದ ಹೊಲದೋರ್ನೂ ಸೇರಿಸ್ಕೊಂಡು ಬಿಡಿಸ್ಬೇಕು, ನೀನೊಬ್ನೇ ತೆಗೆದ್ರೆ ಪ್ರಯೋಜನ ಇಲ್ಲ. ಮಣ್ಣು ಟೆಸ್ಟ್ ಮಾಡ್ಸು, ಬರೀ ಉಪ್ಪೋ ಕ್ಷಾರಾನೋ ಗೊತ್ತಾಗ್ಲಿ, ಕ್ಷಾರ ಆಗಿದ್ರೆ ಜಿಪ್ಸಂ ಬೇಕಾಗುತ್ತೆ. ಬಸಿಗಾಲುವೆ ಕೊನೆ ಎಲ್ಲಿಗೆ ಹೋಗುತ್ತೆ ಅಂತ ನಡ್ಕೊಂಡು ಹೋಗಿ ನೋಡಿ ಫೋಟೋ ಹಾಕು, ಆಮೇಲೆ ಹೇಳ್ತೀನಿ.

ಮಳೆಬಿಲ್ಲು88:

ಆ ಮೇಲಿನ ಹೊಲದವ್ನಿಗೆ ಹಮ್ಮುರಾಬಿ 53 ಪ್ರಿಂಟ್ ತೆಗೆದು ಕೊಡು ಗುರು